ಚಿಮಣಿಯ ಕಡೆಗೆ ತಿರುಗಿದ ಕಣ್ಣು

ಚಳಿಗಾಲ ಕಾಲು ಕೀಳುತ್ತಿದ್ದ ಸಮಯ. ಬೆಳಗಿನ ಬಿಸಿಲು ಶೆಡ್ಡಿನ ತಗಡಿನ ಮೇಲೆ ಆಗಷ್ಟೇ ಹತ್ತಿತ್ತು, ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಬೇಕರಿಯಮ್ಮ ನಮ್ಮ ಮೈದಾನಕ್ಕೆ ಮೊದಲು ಬಂದದ್ದು ಅಂಥ ಹೊತ್ತಿನಲ್ಲಿ. ರಾತ್ರಿಯೆಲ್ಲ ಬೇಯಿಸಿದ ಬ್ರೆಡ್ಡನ್ನು ಅಂಗಡಿಗಳಿಗೆ ಹಾಕಿ, ಖಾಲಿ ವ್ಯಾನನ್ನು ಹಾಗೇ ಇತ್ತ ತಿರುಗಿಸಿದ್ದಳು. ಮೊಣಕೈಗೆ ಮೈದಾ ಮೆತ್ತಿಕೊಂಡಿತ್ತು.

ನಾನು ಶೆಡ್ಡಿನ ಮುಂದೆ ಕೂತು ಗಾಳಿಚೀಲ ಹೊಲಿಯುತ್ತಿದ್ದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತೋರಿಸಲು ಕಂಬದ ತುದಿಗೆ ಕಟ್ಟುವ ಉದ್ದನೆಯ ಬಟ್ಟೆಚೀಲ ಅದು. ಬಿಸಿಲಿಗೆ ಬಟ್ಟೆ ಬೇಗ ಪಿಸಿಯುತ್ತಿತ್ತು, ಹೊಸದು ಹೊಲಿಯುವುದು ನನ್ನ ಪಾಲಿನ ಕೆಲಸ.

"ಇಲ್ಲಿ ಹಾರೋದು ಕಲಿಸ್ತಾರಂತಲ್ಲ, ಯಾರು?" ಎಂದು ಕೇಳಿದಳು.

"ಕಲಿಸೋನು ಒಳಗೆ ಎಂಜಿನ್ ಹೊಟ್ಟೇಲಿ ತಲೆ ಇಟ್ಕೊಂಡು ಕೂತಿದಾನೆ. ನಾನು ಅವನ ಅಕ್ಕ. ಟೀ ಕುಡೀತೀಯೇನಮ್ಮ?"

"ಟೀ ಆಮೇಲೆ. ನಲವತ್ತು ದಾಟಿದೋರಿಗೂ ಕಲಿಸ್ತಾರಾ, ಅದು ಮೊದಲು ಹೇಳಿ."

ಒಳಗಿಂದ ತಮ್ಮನ ದನಿ ಬಂತು: "ಅರವತ್ತು ದಾಟಿದೋರಿಗೂ ಕಲಿಸ್ತೀನಿ ಅಂತ ನಮ್ಮಕ್ಕನಿಗೆ ಎಷ್ಟು ವರ್ಷದಿಂದ ಹೇಳ್ತಿದೀನಿ! ಬರೋದೇ ಇಲ್ಲ."

ಬೇಕರಿಯಮ್ಮ ನಕ್ಕಳು. ಕೈ ಒರೆಸಿಕೊಳ್ಳುತ್ತಾ ತಮ್ಮ ಹೊರಗೆ ಬಂದ. ಅವ್ವ ಹೋದ ಮೇಲೆ ನಾನೇ ಎತ್ತಿ ಬೆಳೆಸಿದ ತಮ್ಮ. ಊರಿಗೆಲ್ಲ ಅವನು ಮೇಷ್ಟ್ರು.

ಅವನು ಕಲಿಸುತ್ತಿದ್ದದ್ದು ಗೈರೋ ಎನ್ನುವ ಸಣ್ಣ ಯಂತ್ರ ಹಾರಿಸುವುದನ್ನು. ಎರಡು ಸೀಟು, ಮೂರು ಚಕ್ರ, ಬೆನ್ನಿಗೊಂದು ಎಂಜಿನ್, ನೆತ್ತಿಯ ಮೇಲೆ ಉದ್ದನೆಯ ಎರಡು ರೆಕ್ಕೆ. ನಾನು ಅದಕ್ಕೆ ಗಿರಗಿಟ್ಲೆ ಅನ್ನುತ್ತಿದ್ದೆ. ಬೆನ್ನಿನ ಎಂಜಿನ್ ಯಂತ್ರವನ್ನು ಮುಂದಕ್ಕೆ ನೂಕುತ್ತದೆ, ಅಷ್ಟೇ. ಹಾರುವಾಗ ಮೇಲಿನ ರೆಕ್ಕೆಯನ್ನು ತಿರುಗಿಸುವುದು ಗಾಳಿ. ಹಾಗಾಗಿ ಎಂಜಿನ್ ನಿಂತರೂ ರೆಕ್ಕೆ ನಿಲ್ಲುವುದಿಲ್ಲ. ಯಂತ್ರ ಕಲ್ಲಿನ ಹಾಗೆ ಬೀಳುವುದೂ ಇಲ್ಲ, ಆದರೆ ಹದ್ದಿನ ಹಾಗೆ ತೇಲಿಕೊಂಡು ದೂರ ಹೋಗುವುದೂ ಇಲ್ಲ. ಕಡಿದಾಗಿ ಇಳಿಯುತ್ತದೆ. ಇಳಿಯುವ ಜಾಗ ಕಾಲಬುಡದಲ್ಲೇ ಸಿಗಬೇಕು.

ಶಿಷ್ಯರಿಗೆ ಅವನು ಮೊದಲ ದಿನವೇ ಹೇಳುತ್ತಿದ್ದ: "ಎಂಜಿನ್ ಸುಮ್ಮನಾಯ್ತಾ, ಮೊದಲು ಮೂತಿ ಕೆಳಗೆ. ವೇಗ ಬಿಟ್ಟುಕೊಟ್ಟರೆ ನೆಲದ ಹತ್ತಿರ ಅದನ್ನ ಎತ್ತಿ ನಿಲ್ಲಿಸೋಕೆ ಏನೂ ಉಳಿಯಲ್ಲ. ಆಮೇಲೆ ಮುಂದೆ ನೋಡು. ಗಾಳಿಗೆ ಎದುರಾಗಿ ಚಪ್ಪಟೆ ಜಾಗ ಯಾವುದು ಸಿಗುತ್ತೋ ಅದೇ ನಿನ್ನದು. ನೆಲ ಹತ್ತಿರ ಬಂದಾಗ ಕೈಯಲ್ಲಿ ಹಿಡಿದ ನಡೆಸೋ ಕೋಲನ್ನ ಮೆಲ್ಲಗೆ ಹಿಂದಕ್ಕೆ ತಗೋ. ಮನೆ ಮುಂದಿನ ಜಗಲಿಯಷ್ಟು ಜಾಗದಲ್ಲಿ ನಿಲ್ಲುತ್ತೆ."

ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಮಾಡಿಸಬೇಕು. ಹಾರುತ್ತಿರುವಾಗ ಮೇಷ್ಟ್ರು ಹೇಳದೆ ಕೇಳದೆ ಎಂಜಿನ್ ಇಳಿಸಿಬಿಡುತ್ತಾರೆ, ಅಂದರೆ ಅದರ ಸದ್ದಡಗುವಷ್ಟು ವೇಗ ತಗ್ಗಿಸುತ್ತಾರೆ. ಶಿಷ್ಯ ಜಾಗ ಹುಡುಕಿ, ಆಳೆತ್ತರದವರೆಗೂ ಇಳಿಸಬೇಕು. ಆಮೇಲೆ ಮತ್ತೆ ಎಂಜಿನ್ ಏರಿಸಿಕೊಂಡು ಮೇಲೆ ಹೋಗುತ್ತಾರೆ.

ತೊಂದರೆ ಇದ್ದದ್ದು ಅಲ್ಲೇ. ಅಷ್ಟು ಕೆಳಗೆ ಬಂದರೆ ಹೊಲದವರು ಸುಮ್ಮನಿರುತ್ತಾರೆಯೇ? ಶುರುವಿನ ವರ್ಷ ಒಬ್ಬ ರೈತ ಹೆಂಟೆ ಎಸೆದಿದ್ದ. ಇನ್ನೊಬ್ಬನ ಕುರಿಗಳು ಚೆಲ್ಲಾಪಿಲ್ಲಿಯಾಗಿ, ಅವನು ಶೆಡ್ಡಿನವರೆಗೂ ಬಂದು ನಮ್ಮ ಏಳು ತಲೆಮಾರನ್ನೂ ಜಾಲಾಡಿದ್ದ. ಬೇಡ ಅನ್ನದವನು ಒಬ್ಬನೇ, ಇಟ್ಟಿಗೆ ಯಜಮಾನ. ಮೈದಾನದ ಪಕ್ಕಕ್ಕೆ ಅವನ ಇಟ್ಟಿಗೆ ಗೂಡು, ಅದರ ಉದ್ದನೆಯ ಚಿಮಣಿ, ಸುತ್ತ ಬೀಳುಬಿಟ್ಟ ನೆಲ. "ಇಳೀರಿ ಮೇಷ್ಟ್ರೇ, ನಂದೇನು ಹೋಗೋದು? ನನ್ನ ಇಟ್ಟಿಗೆಗಳು ಕುರಿ ಹಾಗೆ ಬೆದರಿ ಓಡಲ್ಲ" ಎಂದಿದ್ದ.

ಅಲ್ಲಿಂದ ಮುಂದೆ ಅವನು ಎಂಜಿನ್ ಇಳಿಸಿದ್ದೆಲ್ಲ ಆ ಬೀಳಿನ ಮೇಲೆಯೇ. ಟೀ ಕಾಯಿಸುತ್ತಾ ಕೂತ ನನ್ನ ಕಿವಿಗೂ ಅದು ರೂಢಿಯಾಗಿಹೋಗಿತ್ತು. ಗೈರೋ ಚಿಮಣಿಯ ಹತ್ತಿರ ಹೋಗುವುದು, ಸದ್ದು ಅಡಗುವುದು, ಮತ್ತೆ ಏಳುವುದು.

ಬೇಕರಿಯಮ್ಮ ಚುರುಕು. ಹಿಟ್ಟಿನ ಹದ ಬಲ್ಲ ಕೈ, ಕೋಲನ್ನು ಹಿಡಿಯುವುದೂ ಹಾಗೇ, ಹಗುರ. ಒಂದು ದಿನ ಇಳಿದು ಬಂದವಳೇ ಹೆಲ್ಮೆಟ್ ತೆಗೆದು ನಗುತ್ತಾ ಹೇಳಿದಳು: "ಚಿಮಣಿ ಕಂಡ್ರೆ ಸಾಕು, ಮೇಷ್ಟ್ರ ಕೈ ತುರಿಸೋಕೆ ಶುರುವಾಗುತ್ತೆ. ನಾನು ಮೊದಲೇ ಬೆನ್ನು ಬಿಗಿ ಹಿಡ್ಕೊಂಡು ಕೂತ್ಬಿಡ್ತೀನಿ."

"ಹಾಗಿದ್ರೆ ಇನ್ಮೇಲೆ ಬೇರೆ ಕಡೆ ಇಳಿಸ್ತೀನಿ ಬಿಡಿ" ಎಂದ ತಮ್ಮ. ಮೂವರೂ ನಕ್ಕೆವು. ಇಳಿಸಲಿಲ್ಲ. ಅವಳು ಕಲಿತು ಮುಗಿಸಿ, ಲೈಸೆನ್ಸು ಪಡೆದು, ಒಬ್ಬಳೇ ಹಾರುವವರೆಗೂ ಇಳಿಸಲಿಲ್ಲ.

ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ, ಅವಳು ಒಬ್ಬಳೇ ಹಾರಲು ಹೊರಟಾಗ, ಗಾಳಿ ಮಗ್ಗಲು ಬದಲಿಸಿತ್ತು. ನಾನು ಹೊಲಿದ ಚೀಲ ಎಂದೂ ತಿರುಗದ ದಿಕ್ಕಿಗೆ ಬಾಲ ಚಾಚಿತ್ತು. ಗಾಳಿಗೆ ಎದುರಾಗಿಯೇ ಏರಬೇಕಾದ್ದರಿಂದ ಬೇಕರಿಯಮ್ಮ ಅಂದು ಮೈದಾನದ ಇನ್ನೊಂದು ತುದಿಯ ಕಡೆಗೆ ಓಡಿಸಿ ಮೇಲೆದ್ದಳು. ಚಿಮಣಿ ಅವಳ ಬೆನ್ನ ಹಿಂದೆ ಉಳಿಯಿತು. ಎದುರಿಗೆ ಕೊಯ್ಲಾದ ಹೊಲ, ಚಾಪೆ ಹಾಸಿದಂತೆ, ಒಂದು ಬೇಲಿಯೂ ಇಲ್ಲ.

ನೀರಿನ ಟ್ಯಾಂಕಿನ ಎರಡರಷ್ಟು ಎತ್ತರ ಹೋಗಿರಬೇಕು. ಎಂಜಿನ್ ಕೆಮ್ಮಿ ನಿಂತಿತು.

ಶೆಡ್ಡಿನ ಬಾಗಿಲಿಗೆ ತಮ್ಮ ಓಡಿಬಂದ. "ಮುಂದೆ... ಮುಂದೆ ಹೋಗಮ್ಮ, ಮುಂದೆ ಇದೆ ಜಾಗ" ಎಂದು ತನ್ನಷ್ಟಕ್ಕೆ ಅನ್ನುತ್ತಿದ್ದ. ಗೈರೋ ಮೂತಿ ತಗ್ಗಿಸಿತು, ಅಲ್ಲಿಯವರೆಗೂ ಸರಿ. ಆಮೇಲೆ ವಾಲಿತು. ಆ ಚಾಪೆಯಂಥ ಹೊಲಕ್ಕೆ ಬೆನ್ನು ಹಾಕಿ ಹಿಂದಕ್ಕೆ ತಿರುಗಿ, ಇಟ್ಟಿಗೆ ಬೀಳಿನ ಕಡೆಗೆ ಹೊರಟಿತು. ತಿರುಗುವುದರಲ್ಲೇ ಎತ್ತರವೆಲ್ಲ ಕರಗಿಹೋಯಿತು. ಗಾಳಿ ಈಗ ಬೆನ್ನ ಮೇಲೆ, ನೆಲ ರಭಸದಿಂದ ಓಡಿಬರುತ್ತಿತ್ತು. ಬೀಳಿನ ಅಂಚು ಮುಟ್ಟಿದಳು. ಆದರೆ ಯಜಮಾನ ಆ ವಾರ ಅಲ್ಲಿ ಮಣ್ಣಿಗೆಂದು ಹೊಸ ಗುಂಡಿ ತೋಡಿಸಿದ್ದ. ಮುಂದಿನ ಚಕ್ರ ಅದರೊಳಗೆ ಇಳಿಯಿತು. ಯಂತ್ರ ಮಗುಚಿತು. ಮೇಲಿನ ರೆಕ್ಕೆ ನೆಲಕ್ಕೆ ಬಡಿದು ಚೂರಾದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಜೀವಕ್ಕೆ ಏನೂ ಆಗಲಿಲ್ಲ. ಬಲಗೈ ಮಣಿಕಟ್ಟು, ಹೆಗಲ ಮೂಳೆ ಮುರಿದಿತ್ತು.

ಮಾರನೆಯ ದಿನ ಆಸ್ಪತ್ರೆಗೆ ಹೋದೆವು. ನಮ್ಮನ್ನು ಕಂಡ ಕೂಡಲೇ ಏಳಲು ಹೋದಳು. "ಮೇಷ್ಟ್ರೇ, ನಿಮ್ಮ ಮೆಷಿನ್ ಹಾಳು ಮಾಡಿಬಿಟ್ಟೆ. ತಪ್ಪಾಯ್ತು."

ಮಲಗಿರಿ ಎಂದು ತಮ್ಮ ಕೈಸನ್ನೆ ಮಾಡಿದ.

"ಎದುರಿಗೆ ಹೊಲ ಇತ್ತಂತೆ. ನಮ್ಮನೆಯವರು ಹೋಗಿ ನೋಡ್ಕೊಂಡು ಬಂದ್ರು. ನನಗೆ ಅದು ಕಾಣಲೇ ಇಲ್ಲ, ನೋಡಿ. ಅಷ್ಟು ದೊಡ್ಡ ಹೊಲ! ಕಾಣದೇ ಇರೋದು ಅಂದ್ರೇನು? ರಾತ್ರಿಯೆಲ್ಲ ನಿಂತಿದ್ದೆ. ನಿದ್ದೆಗಣ್ಣಿರಬೇಕು."

"ನಿಮಗೆ ನಿದ್ದೆ ಬಂದಿತ್ತಾ?" ಎಂದ ತಮ್ಮ, ಮೆಲ್ಲಗೆ.

"ಬಂದ ಹಾಗೆ ಅನ್ನಿಸಲಿಲ್ಲ. ಆದರೆ ಬೇರೆ ಏನಿರುತ್ತೆ?"

ತಮ್ಮ ಕಿಟಕಿಯ ಕಡೆ ಮುಖ ಮಾಡಿ ನಿಂತ.

ಆಮೇಲೆ ತನಿಖೆಯ ಸಾಹೇಬರು ಬಂದರು. ಶೆಡ್ಡಿನ ಮುಂದೆ ಕುರ್ಚಿ ಹಾಕಿದೆವು. ಎಂಜಿನ್ ನಿಂತದ್ದಕ್ಕೆ ಕಾರಣ ಸಿಕ್ಕಿತ್ತು, ಪೆಟ್ರೋಲ್ ಹೋಗುವ ಹೊಸ ಪೈಪಿನ ಒಳಗಡೆಯೇ ರಬ್ಬರ್ ಕಿತ್ತು ದಾರಿ ಕಟ್ಟಿತ್ತು. ಹೊರಗಿನಿಂದ ನೋಡಿದ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಸಾಹೇಬರಿಗೆ ಬೇಕಿದ್ದದ್ದು ಇನ್ನೊಂದು. ಅವಳು ಹಿಂದಕ್ಕೆ ಯಾಕೆ ತಿರುಗಿದಳು?

"ಎಂಜಿನ್ ನಿಂತರೆ ಇಳಿಯೋದು ಕಲಿಸಿದ್ರಾ?"

"ಬೇಕಾದಷ್ಟು ಸಲ ಸಾರ್."

"ಬೇರೆ ಬೇರೆ ಜಾಗದಲ್ಲಿ?"

ನಾನು ಟೀ ಲೋಟ ಇಡುತ್ತಿದ್ದೆ. ತಮ್ಮ ಲೋಟದ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ. "ಹೂಂ" ಎಂದ.

ಅಷ್ಟೇ. ಒಂದು ಹೂಂ. ಸಾಹೇಬರು ಟೀ ಕುಡಿದು, ಚೆನ್ನಾಗಿದೆ ಎಂದು ಹೊಗಳಿ, ಬೇಕರಿಯಮ್ಮನ ಹತ್ತಿರ ಹೋದರು. ನಿದ್ದೆ ಮಾಡಿದ್ರಾ ಎಂದು ಕೇಳಿದರು. ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ನಿದ್ದೆಗೆಟ್ಟು ಹಾರಿದ್ದೇ ಕಾರಣವೆಂದು ಆಯಿತು. ಅವಳ ಲೈಸೆನ್ಸು ತಡೆಹಿಡಿದರು.

ಹಾರುವುದು ತಪ್ಪಿದ್ದಕ್ಕೆ ಅವಳು ಅಷ್ಟಾಗಿ ನೊಂದಂತೆ ಕಾಣಲಿಲ್ಲ. ಆದದ್ದು ಬೇರೆ. ಕೈ ಕೂಡಿಕೊಂಡ ಮೇಲೂ ಅವಳು ವ್ಯಾನಿನ ಸ್ಟೇರಿಂಗ್ ಮುಟ್ಟಲಿಲ್ಲ. ಅವಳ ಗಂಡ ಬ್ರೆಡ್ಡು ಹಾಕಲು ಹೊರಡತೊಡಗಿದ. ನಮ್ಮ ಬೀದಿಯ ಅಂಗಡಿಗೆ ಬಂದಾಗ ನನ್ನೆದುರು ಗೋಳು ತೋಡಿಕೊಂಡ.

"ನನಗೆ ಹಿಟ್ಟು ಗೊತ್ತು ದೊಡ್ಡಮ್ಮ, ರಸ್ತೆ ಗೊತ್ತಿಲ್ಲ. ಬೆಳಿಗ್ಗೆ ಆರಕ್ಕೆ ಹಾಕಬೇಕಾದ್ದು ಎಂಟಾಗುತ್ತೆ. ಬ್ರೆಡ್ಡು ಮುಟ್ಟೋ ಹೊತ್ತಿಗೆ ಜನ ಬಿಸ್ಕತ್ತು ತಿಂದು ಕೆಲಸಕ್ಕೆ ಹೋಗಿರ್ತಾರೆ. ಅವಳು ಹೊರಡೋ ಹಾಗಿದ್ರೆ... ಒಲ್ಲೆ ಅಂತಾಳೆ. ಕಣ್ಣು ಬಿಟ್ಕೊಂಡೇ ಇದ್ರೂ ಕಾಣಲ್ಲ ಅಂದ್ರೆ ರಸ್ತೇಲಿ ಮಗು ಅಡ್ಡ ಬಂದ್ರೆ ಏನ್ ಮಾಡ್ಲಿ ಅಂತಾಳೆ. ಒಲೆಯಿಂದ ಬ್ರೆಡ್ಡು ತೆಗೆಯುವಾಗಲೂ ಇದು ಬೆಂದಿದೆಯಾ ಅಂತ ನನ್ನನ್ನ ಕೂಗಿ ಕೇಳ್ತಾಳೆ. ಇಪ್ಪತ್ತು ವರ್ಷ ಆ ಕೆಲಸ ಮಾಡಿದೋಳು."

ಈ ಮಾತನ್ನು ಊಟಕ್ಕೆ ಕೂತಾಗ ತಮ್ಮನಿಗೆ ಹೇಳಿದೆ. ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ.

"ನೋಡಿ ಅತ್ತಿಗೆ, ನೀವು ಅವರ ಮಾತು ಎತ್ತಿದ್ರೆ ಇವರ ಊಟ ಅಲ್ಲಿಗೆ ಮುಗೀತು" ಎಂದಳು ಅವನ ಹೆಂಡತಿ. "ಆಗಿದ್ದು ಆಗಿಹೋಯ್ತು. ಇವರೇನು ಆಯಮ್ಮನ್ನ ತಳ್ಳಿದ್ರಾ?"

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವನಿಗೆ, ಸ್ವಲ್ಪ ನನಗೆ. ಎದ್ದು ಅವನ ಹಿಂದೆ ಹಿತ್ತಲಿಗೆ ಹೋದೆ.

"ನೀನು ಆ ಸಾಹೇಬರಿಗೆ ಹೂಂ ಅಂದ್ಯಲ್ಲ" ಎಂದೆ.

"ಇಲ್ಲ ಅಂದಿದ್ರೆ ಕಲಿಸೋ ಪರವಾನಗಿ ಹೋಗ್ತಿತ್ತು ಅಕ್ಕ."

"ಅದು ಸರಿ. ಅವಳು ತಿರುಗಿದ್ದು ಅದಕ್ಕೇ ಅಂತ ನಿನಗೆ ಅನ್ನಿಸುತ್ತಾ?"

"ಗೊತ್ತಿಲ್ಲ. ನಿದ್ದೇನೂ ಇರಬಹುದು. ಗೊತ್ತಿಲ್ಲದೆ ನನ್ನ ತಲೆಗೆ ಯಾಕೆ ಎಳ್ಕೊಳ್ಳಲಿ?"

ಆ ಮಾತನ್ನು ಅವನು ನನಗೆ ಹೇಳಿದ ಹಾಗಿರಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಚಿಕ್ಕಂದಿನಲ್ಲೂ ಹೀಗೇ, ಒತ್ತಿದರೆ ಬಾಯಿ ಕಟ್ಟುತ್ತಿತ್ತು, ಬಿಟ್ಟರೆ ತಾನೇ ಬಂದು ಮಡಿಲಿಗೆ ಸುರಿಯುತ್ತಿದ್ದ. ಆದರೆ ಕಾಯುವುದು ಈ ಸಲ ಕಷ್ಟವಾಯಿತು. ಕಾಯುತ್ತಿದ್ದದ್ದು ನಾನೊಬ್ಬಳೇ ಅಲ್ಲವಲ್ಲ, ತನಗೇ ತಿಳಿಯದೆ ಬೇಕರಿಯಮ್ಮನೂ ಕಾಯುತ್ತಿದ್ದಳು. ಉಳಿದಿದ್ದ ಇನ್ನೊಂದು ಹಳೆಯ ಗೈರೋದಲ್ಲಿ ಅವನು ಶಿಷ್ಯರನ್ನು ಹತ್ತಿಸಿಕೊಂಡು ಹಾರುತ್ತಿದ್ದ, ಸುತ್ತು ಹಾಕಿ ಇಳಿಯುತ್ತಿದ್ದ, ಎಂಜಿನ್ ಮಾತ್ರ ಎಲ್ಲೂ ಇಳಿಸುತ್ತಿರಲಿಲ್ಲ. ಟೀ ಕಾಯಿಸುತ್ತಾ ನಾನು ಆ ಸದ್ದು ಅಡಗುವುದಕ್ಕೆ ಕಿವಿಗೊಟ್ಟು ಕೂತರೆ ಅದು ಅಡಗುತ್ತಲೇ ಇರಲಿಲ್ಲ.

ಬೇಸಿಗೆ ತುಂಬಿದ ಮೇಲೆ ಒಂದು ಬೆಳಿಗ್ಗೆ ಹಳೆಯ ಗೈರೋವನ್ನು ಹೊರಗೆ ತಳ್ಳಿಕೊಂಡು ಬಂದು, "ಅಕ್ಕ, ಬಾ. ಹಿಂದೆ ಕೂತ್ಕೋ" ಎಂದ.

"ನನಗ್ಯಾಕಪ್ಪ ಈ ವಯಸ್ಸಲ್ಲಿ?"

"ಕೆಲಸ ಇದೆ. ಮೇಲೆ ಹೋದ ಮೇಲೆ ನಿನಗೆ ಎಲ್ಲಿ ಮನಸ್ಸಾಗುತ್ತೋ ಅಲ್ಲಿ ನನ್ನ ಭುಜಕ್ಕೆ ಹೊಡಿ. ಹೊಡೆದ ತಕ್ಷಣ ಎಂಜಿನ್ ಇಳಿಸ್ತೀನಿ. ಎಲ್ಲಿ ಹೊಡೀತೀಯ ಅಂತ ನನಗೆ ಮೊದಲೇ ಹೇಳ್ಬೇಡ. ಹೊಡೆದ ಮೇಲೆ ನಾನು ಮೊದಲು ಎತ್ತ ನೋಡ್ತೀನಿ ಅನ್ನೋದನ್ನ ನೋಡು. ಅಷ್ಟೇ."

ಕಟ್ಟಿಸಿದ ಹಲ್ಲನ್ನು ಬಿಚ್ಚಿ ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು ಹತ್ತಿದೆ. ಬಿದ್ದರೂ ಹಲ್ಲಾದರೂ ಉಳಿಯಲಿ ಅಂತ. ನಗಬೇಡಿ, ಹೆದರಿಕೆಯಲ್ಲಿ ಬುದ್ಧಿ ಹಾಗೇ ಓಡುವುದು.

ಮೇಲೆ ಗಾಳಿ ಕೆನ್ನೆಗೆ ಬಡಿಯುತ್ತಿತ್ತು. ಅವನು ದೂರ ಹೋದ. ಕಾಲುವೆ ದಾಟಿದ, ಶಾಲೆ ದಾಟಿದ. ಚಿಮಣಿ ಹಿಂದೆ, ಬೆರಳಷ್ಟು ಚಿಕ್ಕದಾಗಿ ನಿಂತಿತ್ತು. ಕೆಳಗೆ ಎಲ್ಲೆಲ್ಲೂ ಕೊಯ್ಲಾದ ಹೊಲಗಳು. ನಾನು ಬೆಳೆಸಿದ ಭುಜ ಅದು. ಹೊಡೆಯಲು ಕೈ ಬರಲಿಲ್ಲ. ಬೇಕರಿಯಮ್ಮ ಬ್ರೆಡ್ಡು ಹಿಡಿದು ಬೆಂದಿದೆಯಾ ಎಂದು ಕೇಳುವುದು ನೆನಪಾಯಿತು. ಹೊಡೆದೆ.

ಎಂಜಿನ್ ಅಡಗಿತು. ಮೂತಿ ತಗ್ಗಿತು. ನೆತ್ತಿಯ ಮೇಲೆ ರೆಕ್ಕೆ ಸುಯ್ ಎಂದು ತಿರುಗುತ್ತಲೇ ಇತ್ತು. ಅವನ ಹೆಲ್ಮೆಟ್ ಥಟ್ಟನೆ ಪಕ್ಕಕ್ಕೆ ಹೊರಳಿ ಹಿಂದಕ್ಕೆ ತಿರುಗಿತು, ಚಿಮಣಿಯ ಕಡೆಗೆ. ಅದರ ಹಿಂದೆಯೇ ಗೈರೋ ಕೂಡ ಅತ್ತ ವಾಲಿತು. ಅಲ್ಲಿಗೆ ಮುಟ್ಟುವುದು ಹಾಗಿರಲಿ, ಕಾಲುವೆಯನ್ನೂ ದಾಟುತ್ತಿರಲಿಲ್ಲ.

ಒಂದೇ ಗಳಿಗೆ. ಆಮೇಲೆ ತಲೆ ಮುಂದಕ್ಕೆ ಬಂತು, ಯಂತ್ರ ನೆಟ್ಟಗಾಯಿತು. ಗಾಳಿಗೆ ಎದುರಾಗಿ ಕೊಯ್ಲಾದ ಹೊಲಕ್ಕೆ ಇಳಿಸಿದ. ನೆಲದ ಹತ್ತಿರ ಮೂತಿ ಎತ್ತಿತು, ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದಂತಾಯಿತು, ಚಕ್ರ ಕೂಳೆಯ ಮೇಲೆ ಕೂತು ನಿಂತೇಬಿಟ್ಟಿತು.

ಅವನು ಹೆಲ್ಮೆಟ್ ತೆಗೆಯಲಿಲ್ಲ. "ನೋಡಿದ್ಯಾ?"

"ನೋಡಿದೆ."

"ನನ್ನ ಕಣ್ಣೇ ಅತ್ತ ಹೋಯ್ತಲ್ಲ ಅಕ್ಕ. ನನ್ನ ಕೈಯೇ ಹೋಯ್ತು. ಪರೀಕ್ಷೆ ಅಂತ ಗೊತ್ತಿದ್ದೂ ಹೋಯ್ತು. ಅವರು ನಾನು ಕಲಿಸಿದ್ದನ್ನೇ ಮಾಡಿದಾರೆ. ಅಕ್ಷರ ಬಿಡದೆ ಮಾಡಿದಾರೆ."

ಅಷ್ಟರಲ್ಲಿ ಹೊಲದವನು ಬದುವಿನ ಮೇಲೆ ಓಡಿಬಂದ. "ಯಾರ್ರೀ ಅದು? ಇದೇನು ಬಸ್ ಸ್ಟ್ಯಾಂಡಾ?" ಎಂದು ಕೂಗುತ್ತಾ ಬಂದವನು, ಸೀಟಿನಲ್ಲಿ ಹಲ್ಲಿಲ್ಲದ ಮುದುಕಿಯನ್ನು ಕಂಡು ಬಾಯಿ ಮುಚ್ಚಿಕೊಂಡ. "ಏನೂ ಆಗಿಲ್ಲ ತಾನೇ ಅಜ್ಜಿ?"

"ಇಲ್ಲಪ್ಪ. ನಿನ್ನ ಹೊಲದಲ್ಲಿ ಇಳಿದುಬಿಟ್ವಿ, ಬೈಕೋಬೇಡ."

"ಬೆಳೆ ನಿಂತಿದ್ರೆ ಬೈತಿದ್ದೆ. ಕೂಳೆ ಮೇಲೆ ಇಳಿದ್ರೆ ನನ್ನ ಗಂಟೇನು ಹೋಯ್ತು? ಒಂದು ಮಾತು ಕೇಳಿದ್ರೆ ನಾವೇ ಬನ್ನಿ ಅಂತಿದ್ವಿ. ಯಾರೂ ಕೇಳೇ ಇಲ್ಲ."

ತಮ್ಮ ಹೆಲ್ಮೆಟ್ಟಿನೊಳಗೆ ಕಣ್ಣು ಮುಚ್ಚಿಕೊಂಡ. ಶುರುವಿನ ವರ್ಷ, ಬೆಳೆ ನಿಂತಿದ್ದ ಕಾಲದಲ್ಲಿ, ಅವರಿವರ ಹತ್ತಿರ ಬೈಸಿಕೊಂಡು ಬಂದಿದ್ದ. ಕೊಯ್ಲಿನ ಮೇಲೆ ಮತ್ತೊಮ್ಮೆ ಹೋಗಿ ಕೇಳಿರಲಿಲ್ಲ. ಇಟ್ಟಿಗೆ ಬೀಳು ಹತ್ತಿರವಿತ್ತು. ಸುಲಭವಿತ್ತು.

ಅದೇ ಮಧ್ಯಾಹ್ನ ಬೇಕರಿಗೆ ಹೋದೆವು. ಬೇಕರಿಯಮ್ಮ ಸ್ಟೀಲಿನ ಮೇಜಿನ ಮುಂದೆ ನಿಂತು ಎಡಗೈಯಲ್ಲಿ ಹಿಟ್ಟು ತುಂಡು ಮಾಡುತ್ತಿದ್ದಳು. ಗಂಡ ತಟ್ಟೆಗಳಿಗೆ ಎಣ್ಣೆ ಸವರುತ್ತಿದ್ದ. ಸ್ಟೂಲು ಎಳೆದು ಕೂರಿಸಿದಳು. ತಮ್ಮ ಕೂರಲಿಲ್ಲ.

"ನಿಮಗೆ ನಿದ್ದೆ ಬಂದಿರಲಿಲ್ಲಮ್ಮ" ಎಂದ.

"ಏನು?"

"ಅವತ್ತು. ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ. ಎಂಜಿನ್ ನಿಂತರೆ ಚಿಮಣಿ ಕಡೆ ಹೋಗಬೇಕು ಅಂತ ನಾನೇ ನಿಮಗೆ ಕಲಿಸಿದ್ದು. ಬಾಯಲ್ಲಿ ಮುಂದೆ ನೋಡಿ ಅಂದೆ, ಕೈಯಲ್ಲಿ ಸದಾ ಅಲ್ಲೇ ಇಳಿಸಿದೆ. ಸಾಹೇಬರು ಕೇಳಿದಾಗ ಬೇರೆ ಬೇರೆ ಕಡೆ ಕಲಿಸಿದೀನಿ ಅಂತ ಸುಳ್ಳು ಹೇಳಿದೆ." ಬೆಳಗಿನದನ್ನೂ ಹೇಳಿದ, ಒಂದನ್ನೂ ಬಿಡದೆ.

ಅವಳ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಮೇಜಿನ ಮೇಲೆ ಮೆಲ್ಲಗೆ ಹರಡಿಕೊಂಡಿತು. "ಆಸ್ಪತ್ರೇಲಿ ನಿಮ್ಮನ್ನ ಕಂಡು ಏಳೋಕೆ ಹೋದೆ ನಾನು. ತಪ್ಪಾಯ್ತು ಅಂದೆ."

"ಹೌದು."

"ಆಗಲೂ ಗೊತ್ತಿತ್ತಾ?"

"ಅನುಮಾನ ಇತ್ತು."

"ಅನುಮಾನ ಇಟ್ಕೊಂಡು ಕಿಟಕಿ ನೋಡ್ತಾ ನಿಂತಿದ್ರಿ." ದನಿ ಏರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾದದ್ದು. "ಅವತ್ತಿಂದ ನಾನು ರಸ್ತೆ ದಾಟೋಕೂ ಇವರ ತೋಳು ಹಿಡ್ಕೊಂಡಿದೀನಿ, ಮೇಷ್ಟ್ರೇ. ನನ್ನ ಕಣ್ಣನ್ನ ನಾನೇ ನಂಬದೆ ಬದುಕಿದೀನಿ."

ಗಂಡ ಎಣ್ಣೆಯ ಬಟ್ಟೆ ಹಿಡಿದು ಮುಂದೆ ಬಂದ. ಅವಳು ಕೈ ಅಡ್ಡ ಹಿಡಿದಳು.

"ಕ್ಷಮಿಸಿ ಅನ್ನೋಕೆ ಬಂದಿದ್ರೆ ಅನ್ನಬೇಡಿ" ಎಂದಳು. "ನನಗೆ ಹೇಳಿದ್ದು ಸಾಲದು. ಯಾರು ನಿದ್ದೆ ಅಂತ ಬರ್ಕೊಂಡ್ರೋ ಅವರಿಗೆ ಹೋಗಿ ಹೇಳಿ. ಆಮೇಲೆ ನನ್ನ ಅಂಗಡಿಗೆ ಬರೋ ಅಗತ್ಯ ಇಲ್ಲ." ನನ್ನ ಕಡೆ ತಿರುಗಿದಳು. "ನೀವು ಬನ್ನಿ ಅಕ್ಕ. ಬರದೇ ಇರಬೇಡಿ. ಆದರೆ ಇವತ್ತು ಬೇಡ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ತಮ್ಮ ಸಾಹೇಬರ ಕಚೇರಿಗೆ ಹೋದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತು, "ಮಗಳ ಓದು ಅರ್ಧದಲ್ಲಿದೆ, ನಿಮಗೆ ತಲೆ ನೆಟ್ಟಗಿದೆಯಾ?" ಎಂದು ಅತ್ತಳು. ಅವಳು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವನು ಪಕ್ಕದಿಂದ ನುಸುಳಿ ಹೋದ. ಅವಳನ್ನು ಹಿಡಿದು ಒಳಗೆ ಕರೆತಂದವಳು ನಾನು.

ಸಾಹೇಬರು ಮತ್ತೆ ಬಂದರು. ಈ ಸಲ ಟೀ ಬೇಡ ಎಂದರು. ಬೇಕರಿಯಮ್ಮನ ಹೆಸರಿನ ಮುಂದಿದ್ದ ನಿದ್ದೆಯ ಮಾತನ್ನು ತೆಗೆದುಹಾಕಿದರು, ಬೇರೊಬ್ಬರ ಹತ್ತಿರ ಸ್ವಲ್ಪ ಕಲಿತು ಮತ್ತೆ ಹಾರಬಹುದು ಎಂದು ಅವಳಿಗೆ ತಿಳಿಸಿದರು. ತಮ್ಮನ ಕಲಿಸುವ ಪರವಾನಗಿ ಹೋಯಿತು. ಮೈದಾನದ ಮಾಲೀಕರು ಹೊಸ ಮೇಷ್ಟ್ರನ್ನು ಗೊತ್ತು ಮಾಡಿದರು. ಗಾಳಿಚೀಲದ ಕೆಲಸಕ್ಕೆ ನಾನು ಇರಬಹುದು ಎಂದರು.

ನಮ್ಮ ಬೀದಿಯ ಅಂಗಡಿಗೆ ಬ್ರೆಡ್ಡು ಮತ್ತೆ ಆರಕ್ಕೆ ಬರತೊಡಗಿತು. ಒಂದು ದಿನ ಅಂಗಡಿಯವನನ್ನು ಕೇಳಿದೆ, ಯಾರು ತರುತ್ತಾರೆ ಅಂತ. "ಬೇಕರಿಯಮ್ಮನೇ" ಎಂದ. ಮನೆಗೆ ಬಂದು ತಮ್ಮನಿಗೆ ಹೇಳಿದೆ. ಅವನು ಶರ್ಟಿಗೆ ಗುಂಡಿ ಹಾಕಿಕೊಳ್ಳುತ್ತಿದ್ದ. ಬೆರಳು ನಿಂತಿತು. ಮುಖ ಹಗುರಾಗಬಹುದೆಂದು ನೋಡಿದೆ, ಆಗಲಿಲ್ಲ.

"ಕಳೆದ ದಿನಗಳನ್ನ ಅವರಿಗೆ ಯಾರು ವಾಪಸ್ ಕೊಡ್ತಾರಕ್ಕ?" ಎಂದ.

ಉಳಿದ ಗುಂಡಿಗಳನ್ನು ಹಾಕಿಕೊಂಡು ಕೆಲಸ ಹುಡುಕಲು ಹೊರಟ.

ದೂರದ ಪಟ್ಟಣದ ಪಂಪ್‌ಸೆಟ್ ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಮೊದಲ ಮಳೆ ಬಿದ್ದ ಮೇಲೆ, ಒಂದು ಗುರುವಾರ, ಬೆಳಗಿನ ಬಸ್ಸಿಗೆ ಅವನು ಹೋದ. ಮಗಳ ಪರೀಕ್ಷೆ ಮುಗಿಸಿಕೊಂಡು ಹೆಂಡತಿ, ಮಗಳು ಅದರ ಮುಂದಿನ ಭಾನುವಾರ ಹೋದರು. ನಾನು ಇಲ್ಲೇ ಉಳಿದೆ.